ಯೀಸ್ಟ್ ಮುಟ್ಟದ ಸಕ್ಕರೆ: ಹುಲ್ಲಿನಿಂದ ಎಥನಾಲ್ ತೆಗೆಯುವುದು ಯಾಕಿಷ್ಟು ಕಷ್ಟ?

2025ರ ಎಥನಾಲ್ ಸುದ್ದಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಆಗಸ್ಟ್‌ನಲ್ಲಿ, ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್‌ನಿಂದ ಮೈಲೇಜ್ ಇಳಿಯುತ್ತದೆ ಎಂಬ ಗದ್ದಲ. ಸೆಪ್ಟೆಂಬರ್ 1ರಂದು ಇ20 ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅದೇ ತಿಂಗಳ 14ರಂದು ಅಸ್ಸಾಮಿನ ನುಮಾಲಿಗಢದಲ್ಲಿ ಬಿದಿರಿನಿಂದ ಎಥನಾಲ್ ತಯಾರಿಸುವ ಕಾರ್ಖಾನೆಯ ಉದ್ಘಾಟನೆ. ನವೆಂಬರ್‌ನಲ್ಲಿ ಕರ್ನಾಟಕದ ಮೆಕ್ಕೆಜೋಳ ಬೆಳೆಗಾರರು ಬೀದಿಗಿಳಿದರು. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಸಿಗುತ್ತಿದೆ, ಎಥನಾಲ್ ಘಟಕಗಳಾದರೂ ನಮ್ಮ ಜೋಳ ಕೊಳ್ಳಲಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಇನ್ನೊಂದು ಕಡೆ ಆಹಾರ ನಿಗಮದ ಗೋದಾಮಿನಿಂದ 2024-25ರ ಎಥನಾಲ್ ವರ್ಷಕ್ಕೆ 52 ಲಕ್ಷ ಟನ್ ಅಕ್ಕಿಯನ್ನು ಡಿಸ್ಟಿಲರಿಗಳಿಗೆ ಹಂಚಲು ನಿರ್ಧಾರವಾಗಿತ್ತು.

ಇಷ್ಟನ್ನೂ ಓದಿದವರಿಗೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಬಿದಿರಿನಿಂದ, ಹುಲ್ಲಿನಿಂದ ಎಥನಾಲ್ ಬರುವುದಾದರೆ ಅಕ್ಕಿ ಯಾಕೆ, ಜೋಳ ಯಾಕೆ? ಪಂಜಾಬಿನಲ್ಲಿ ಸುಡುವ ಭತ್ತದ ಕೂಳೆಯನ್ನೆಲ್ಲ ಟ್ಯಾಂಕಿಗೆ ಹಾಕಬಾರದೇಕೆ?

ರಾಜಕೀಯದ ಉತ್ತರಗಳು ಹಲವಿವೆ. ಆದರೆ ಅವುಗಳ ಬುಡದಲ್ಲಿ ಒಂದು ಜೀವರಾಸಾಯನಿಕ ಉತ್ತರವಿದೆ, ಅದರ ಬಗ್ಗೆ ಚರ್ಚೆಯಾಗುವುದು ಅಪರೂಪ. ಹುಲ್ಲಿನಲ್ಲಿರುವ ಸಕ್ಕರೆಯ ಸುಮಾರು ಮೂರರಲ್ಲೊಂದು ಪಾಲು ಕ್ಸೈಲೋಸ್. ಸಾವಿರಾರು ವರ್ಷಗಳಿಂದ ಮನುಷ್ಯನಿಗೆ ಹೆಂಡ ಹುದುಗಿಸಿಕೊಟ್ಟ ಯೀಸ್ಟ್ ಆ ಸಕ್ಕರೆಯನ್ನು ಮೂಸಿಯೂ ನೋಡುವುದಿಲ್ಲ.

ಹುಲ್ಲಿನೊಳಗೆ ಏನಿದೆ

ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ, ಜೋಳದ ದಂಟು, ಬಿದಿರು ಎಲ್ಲದರ ಕಟ್ಟಡವೂ ಹೆಚ್ಚುಕಡಿಮೆ ಒಂದೇ. ಸೆಲ್ಯುಲೋಸ್ ಎಂಬ ಉದ್ದನೆಯ ಎಳೆಗಳು, ಅವುಗಳ ನಡುವೆ ಹೆಣೆದುಕೊಂಡ ಹೆಮಿಸೆಲ್ಯುಲೋಸ್, ಇವೆರಡನ್ನೂ ಬಿಗಿದಿಡುವ ಲಿಗ್ನಿನ್ ಎಂಬ ಗಾರೆ. ಸೆಲ್ಯುಲೋಸನ್ನು ಬಿಡಿಸಿದರೆ ಸಿಗುವುದು ಗ್ಲೂಕೋಸ್, ಅಂದರೆ ಅಕ್ಕಿಯ ಪಿಷ್ಟದಲ್ಲಿರುವ ಅದೇ ಸಕ್ಕರೆ. ಹುಲ್ಲಿನ ಜಾತಿಯ ಗಿಡಗಳ ಹೆಮಿಸೆಲ್ಯುಲೋಸಿನಲ್ಲಿ ದೊಡ್ಡ ಪಾಲು ಕ್ಸೈಲಾನ್. ಅದನ್ನು ಬಿಡಿಸಿದರೆ ಕ್ಸೈಲೋಸ್. ಗ್ರೀಕ್ ಭಾಷೆಯಲ್ಲಿ ಕ್ಸೈಲೋನ್ ಎಂದರೆ ಮರ, ಆದ್ದರಿಂದ ಇದಕ್ಕೆ ಮರಸಕ್ಕರೆ ಎಂಬ ಹೆಸರೂ ಇದೆ.

ಗ್ಲೂಕೋಸಿನಲ್ಲಿ ಆರು ಇಂಗಾಲದ ಪರಮಾಣುಗಳು, ಕ್ಸೈಲೋಸಿನಲ್ಲಿ ಐದು. ಎಲ್ಲ ರಗಳೆಯ ಮೂಲ ಈ ಒಂದು ಇಂಗಾಲದ ಕೊರತೆ.

ಲೆಕ್ಕ ಹಾಕಿ ನೋಡೋಣ. ಒಂದು ಟನ್ ಒಣಹುಲ್ಲಿನಲ್ಲಿ 370 ಕಿಲೋ ಸೆಲ್ಯುಲೋಸ್, 200 ಕಿಲೋ ಕ್ಸೈಲಾನ್ ಇದೆ ಎಂದಿಟ್ಟುಕೊಳ್ಳಿ. ಬಿಡಿಸುವಾಗ ನೀರು ಸೇರಿಕೊಳ್ಳುವುದರಿಂದ ಸುಮಾರು 410 ಕಿಲೋ ಗ್ಲೂಕೋಸ್, 227 ಕಿಲೋ ಕ್ಸೈಲೋಸ್ ಸಿಗಬೇಕು. ಒಂದು ಕಿಲೋ ಸಕ್ಕರೆಗೆ ಹೆಚ್ಚೆಂದರೆ 0.51 ಕಿಲೋ ಎಥನಾಲ್, ಎರಡೂ ಸಕ್ಕರೆಗೆ ಇದೇ ಗರಿಷ್ಠ ಮಿತಿ. ಅಂದರೆ ಗ್ಲೂಕೋಸಿನಿಂದ ಸುಮಾರು 265 ಲೀಟರ್, ಕ್ಸೈಲೋಸಿನಿಂದ ಸುಮಾರು 145 ಲೀಟರ್. ಇದು ಕಾಗದದ ಮೇಲಿನ ಮಾತು. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ 900 ಕೋಟಿಗೂ ಹೆಚ್ಚು ರೂಪಾಯಿ ಸುರಿದು ಕಟ್ಟಿ, 2022ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಘಟಕದ ವಿನ್ಯಾಸವೇ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿಗೆ 3 ಕೋಟಿ ಲೀಟರ್. ಟನ್ನಿಗೆ 150 ಲೀಟರ್. ಹುಲ್ಲಿನ ತೇವ, ಮಣ್ಣು, ಅರ್ಧಂಬರ್ಧ ಬಿಡುವ ಸೆಲ್ಯುಲೋಸ್, ದಾರಿಯಲ್ಲಿ ಹಾಳಾಗುವ ಸಕ್ಕರೆ ಎಲ್ಲ ಕಳೆದು ಉಳಿಯುವುದು ಅಷ್ಟು. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ತೆಗೆಯಬಹುದು ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ ಡಿಸ್ಟಿಲರಿಯವರು ಕಾಳಿನತ್ತಲೇ ಯಾಕೆ ಓಡುತ್ತಾರೆ ಎಂಬುದು ಅರ್ಥವಾಗುತ್ತದೆ.

ಹುಲ್ಲಿನ ಘಟಕಕ್ಕೆ ಹೀಗಾಗಿ ಕ್ಸೈಲೋಸ್ ಎಂಬುದು ಮೇಲುಲಾಭವಲ್ಲ. ಹುಲ್ಲು ಕೊಂಡಿದ್ದಾಗಿದೆ, ಸಾಗಿಸಿದ್ದಾಗಿದೆ, ಬೇಯಿಸಿದ್ದಾಗಿದೆ. ಅದರೊಳಗಿನ ಸಕ್ಕರೆಯ ಮೂರನೇ ಒಂದು ಭಾಗ ಚರಂಡಿ ಸೇರಿದರೆ ಲೆಕ್ಕ ಕೂಡುವುದೇ ಇಲ್ಲ.

ಮೂರು ಐದರ ಕಟ್ಟು, ಎರಡು ಆರರ ಕಟ್ಟು

ಕ್ಸೈಲೋಸ್ ತಿನ್ನುವ ಸೂಕ್ಷ್ಮಜೀವಿಗಳು ಲೋಕದಲ್ಲಿ ಬೇಕಾದಷ್ಟಿವೆ. ಕೊಳೆಯುವ ಎಲೆ, ಹಸುವಿನ ಹೊಟ್ಟೆ, ಗೆದ್ದಲಿನ ಕರುಳು ಎಲ್ಲ ಕಡೆ ಈ ಕೆಲಸ ಹಗಲಿರುಳು ನಡೆದಿದೆ. ಅವು ಹಿಡಿಯುವ ದಾರಿ ಮುಖ್ಯವಾಗಿ ಎರಡು.

ಬ್ಯಾಕ್ಟೀರಿಯಾಗಳ ದಾರಿ ನೇರ. ಐಸೊಮರೇಸ್ ಎಂಬ ಒಂದೇ ಕಿಣ್ವ ಕ್ಸೈಲೋಸಿನ ಅಣುವನ್ನು ಒಳಗೊಳಗೇ ತಿರುವಿ ಕ್ಸೈಲುಲೋಸ್ ಮಾಡುತ್ತದೆ. ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕೀಳುವುದಿಲ್ಲ. ಇದೇ ಕಿಣ್ವ ಗ್ಲೂಕೋಸನ್ನು ಫ್ರಕ್ಟೋಸ್ ಆಗಿಯೂ ತಿರುವುತ್ತದೆ ಎಂಬುದು 1957ರಲ್ಲಿ ಗೊತ್ತಾಯಿತು. ಅಮೆರಿಕದ ತಂಪು ಪಾನೀಯಗಳನ್ನು ಸಿಹಿಯಾಗಿಸುವ ಜೋಳದ ಸಿರಪ್ಪಿನ ಉದ್ಯಮ ನಿಂತಿರುವುದು ಈ ಕಿಣ್ವದ ಮೇಲೆ. ಹುಲ್ಲಿನ ಸಕ್ಕರೆಗಾಗಿ ಹುಟ್ಟಿದ ಕಿಣ್ವ ಹಣ ಮಾಡಿದ್ದು ಕಾಳಿನ ಸಕ್ಕರೆಯಲ್ಲಿ.

ಕ್ಸೈಲೋಸ್ ತಿನ್ನಬಲ್ಲ ಯೀಸ್ಟುಗಳು ಮತ್ತು ಬೂಷ್ಟುಗಳದ್ದು ಸುತ್ತು ದಾರಿ. ಅವು ಮೊದಲು ಕ್ಸೈಲೋಸಿಗೆ ಹೈಡ್ರೋಜನ್ ಕೊಟ್ಟು ಕ್ಸೈಲಿಟಾಲ್ ಮಾಡುತ್ತವೆ. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಹೊದಿಕೆಯ ಮೇಲೆ ಬರೆದಿರುತ್ತದಲ್ಲ, ಅದೇ ಕ್ಸೈಲಿಟಾಲ್. ಎರಡನೇ ಹೆಜ್ಜೆಯಲ್ಲಿ ಅದರಿಂದ ಹೈಡ್ರೋಜನ್ ಕಿತ್ತು ಕ್ಸೈಲುಲೋಸ್ ಮಾಡುತ್ತವೆ.

ಕ್ಸೈಲುಲೋಸ್ ತಲುಪಿದ ಮೇಲೆ ಎರಡೂ ದಾರಿಗಳು ಕೂಡುತ್ತವೆ. ಅದಕ್ಕೊಂದು ಫಾಸ್ಫೇಟ್ ಅಂಟಿಸಿ ಪೆಂಟೋಸ್ ಫಾಸ್ಫೇಟ್ ಮಾರ್ಗ ಎಂಬ ಕಮ್ಮಟಕ್ಕೆ ಕಳಿಸಲಾಗುತ್ತದೆ. ಅಲ್ಲಿ ನಡೆಯುವುದು ಸರಳ ಗಣಿತ. ಐದು ಇಂಗಾಲದ ಮೂರು ಅಣುಗಳು ಬಂದರೆ ಒಟ್ಟು ಹದಿನೈದು. ಅವನ್ನು ಬಿಚ್ಚಿ, ಎರಡು ಮೂರು ಇಂಗಾಲದ ತುಂಡುಗಳನ್ನು ಅತ್ತಿತ್ತ ದಾಟಿಸಿ, ಆರರ ಎರಡು ಕಟ್ಟು, ಮೂರರ ಒಂದು ಕಟ್ಟು ಮಾಡಲಾಗುತ್ತದೆ. ಆರರ ಕಟ್ಟು ಎಂದರೆ ಯೀಸ್ಟಿಗೆ ಪರಿಚಿತ ಸರಕು, ಅಲ್ಲಿಂದ ಮುಂದೆ ಗ್ಲೂಕೋಸ್ ಸಾಗುವ ಹೆದ್ದಾರಿಯೇ. ಕೊನೆಯಲ್ಲಿ ಮೂರು ಕ್ಸೈಲೋಸಿಗೆ ಐದು ಎಥನಾಲ್, ಐದು ಇಂಗಾಲದ ಡೈಆಕ್ಸೈಡ್.

ಬೇರೆ ಒಳದಾರಿಗಳೂ ಇವೆ. ಕೆಲವು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಐದರ ಕಟ್ಟನ್ನು ಮೂರು ಮತ್ತು ಎರಡಾಗಿ ಸೀಳಿಬಿಡುತ್ತವೆ. ಮೂರರದು ಲ್ಯಾಕ್ಟಿಕ್ ಆಮ್ಲ, ಎರಡರದು ಅಸಿಟಿಕ್ ಆಮ್ಲ. ಹಸಿ ಮೆಕ್ಕೆಜೋಳ ಕತ್ತರಿಸಿ ಗಾಳಿಯಾಡದಂತೆ ತುಳಿದಿಟ್ಟ ರಸಮೇವಿನ ಹುಳಿವಾಸನೆಯಲ್ಲಿ ಈ ಎರಡೂ ಸೇರಿರುತ್ತವೆ. ವೈಂಬರ್ಗ್ ಮಾರ್ಗ ಎಂಬ ಇನ್ನೊಂದು ಫಾಸ್ಫೇಟಿನ ಗೋಜಿಗೇ ಹೋಗದೆ ಕ್ಸೈಲೋಸನ್ನು ಆಕ್ಸಿಡೀಕರಿಸುತ್ತ ಹೋಗುತ್ತದೆ. ಅದರಲ್ಲಿ ಒಂದು ಇಂಗಾಲವೂ ಪೋಲಾಗುವುದಿಲ್ಲ, ಆದರೆ ಸಿಗುವುದು ಎಥನಾಲ್ ಅಲ್ಲ.

ಯೀಸ್ಟಿನ ಅಂಗಡಿಯಲ್ಲಿ ಚಿಲ್ಲರೆ ಇಲ್ಲ

ಡಿಸ್ಟಿಲರಿಯ ಯೀಸ್ಟ್ ಸ್ಯಾಕರೊಮೈಸಿಸ್ ಸೆರೆವಿಸಿಯೆ. ಇಡೀ ಸಮಸ್ಯೆ ಇದರದ್ದೇ. ಅದರ ವಂಶವಾಹಿಯಲ್ಲಿ ಸುತ್ತುದಾರಿಗೆ ಬೇಕಾದ ಜೀನುಗಳು ಹೆಸರಿಗೆ ಇವೆ, ಆದರೆ ಅವು ಕೆಲಸ ಮಾಡುವುದು ತೀರ ಮಂದವಾಗಿ. ಬೀಜವಿದೆ, ಮೊಳಕೆಯಿಲ್ಲ ಎಂಬ ಸ್ಥಿತಿ. 1980ರ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಯಿತು: ಕ್ಸೈಲುಲೋಸ್ ಮಾಡಿಕೊಟ್ಟರೆ ಈ ಯೀಸ್ಟ್ ಅದನ್ನು ಹುದುಗಿಸುತ್ತದೆ. ತೊಡಕಿರುವುದು ಮೊದಲ ಹೆಜ್ಜೆಯಲ್ಲಿ ಎಂದಾಯಿತು.

ಹಾಗಾದರೆ ಬೇರೆ ಯೀಸ್ಟುಗಳಿಂದ ಆ ಜೀನುಗಳನ್ನು ತಂದು ಹಾಕಿದರಾಯಿತಲ್ಲ? ಅದೇ ಮೊದಲ ಯೋಚನೆಯಾಗಿತ್ತು. ಮರ ಕೊರೆಯುವ ಜೀರುಂಡೆಗಳ ಕರುಳಿನಲ್ಲಿ ಬದುಕುವ ಶೆಫರ್ಸೊಮೈಸಿಸ್ ಸ್ಟಿಪಿಟಿಸ್ ಎಂಬ ಯೀಸ್ಟ್ ಕ್ಸೈಲೋಸನ್ನು ಚೆನ್ನಾಗಿಯೇ ಹುದುಗಿಸುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಹೋ ಅವರ ತಂಡ 1993ರಲ್ಲಿ ಗ್ಲೂಕೋಸ್ ಮತ್ತು ಕ್ಸೈಲೋಸ್ ಎರಡನ್ನೂ ಹುದುಗಿಸುವ ಸ್ಯಾಕರೊಮೈಸಿಸ್ ರೂಪಿಸಿದ್ದು ಈ ದಾರಿಯಲ್ಲೇ.

ಆದರೆ ಇಲ್ಲೊಂದು ಸಿಕ್ಕು ಇತ್ತು. ಜೀವಕೋಶದೊಳಗೆ ಹೈಡ್ರೋಜನ್ ಕೊಡುವ, ತೆಗೆದುಕೊಳ್ಳುವ ವಾಹಕಗಳು ಎರಡು ಬಗೆ, ಹೆಸರು ಎನ್‌ಎಡಿಪಿಎಚ್ ಮತ್ತು ಎನ್‌ಎಡಿಎಚ್. ಇವು ಎರಡು ದೇಶಗಳ ನೋಟುಗಳಿದ್ದ ಹಾಗೆ. ಕ್ಸೈಲೋಸಿನಿಂದ ಕ್ಸೈಲಿಟಾಲ್ ಮಾಡುವ ಕಿಣ್ವ ಹೆಚ್ಚಾಗಿ ಮೊದಲ ನೋಟನ್ನೇ ಕೇಳುತ್ತದೆ. ಕ್ಸೈಲಿಟಾಲಿನಿಂದ ಮುಂದೆ ಒಯ್ಯುವ ಕಿಣ್ವ ವಾಪಸು ಕೊಡುವುದು ಎರಡನೆಯ ನೋಟನ್ನು. ಒಂದು ಕೌಂಟರಿನಲ್ಲಿ ಒಂದು ಬಗೆಯ ನೋಟು ಖಾಲಿಯಾಗುತ್ತ ಬರುತ್ತದೆ, ಇನ್ನೊಂದರಲ್ಲಿ ಇನ್ನೊಂದು ಬಗೆ ರಾಶಿ ಬೀಳುತ್ತದೆ. ಆಕ್ಸಿಜನ್ ಇದ್ದರೆ ಆ ರಾಶಿಯನ್ನು ಉಸಿರಾಟದಲ್ಲಿ ಕರಗಿಸಬಹುದು. ಎಥನಾಲ್ ತೊಟ್ಟಿಯಲ್ಲಿ ಆಕ್ಸಿಜನ್ ಇರುವುದಿಲ್ಲ, ಕೊಟ್ಟರೆ ಯೀಸ್ಟ್ ಹೆಂಡ ಮಾಡುವುದನ್ನು ಬಿಟ್ಟು ಮೈ ಬೆಳೆಸಿಕೊಳ್ಳುತ್ತದೆ. ಪರಿಣಾಮವಾಗಿ ಎರಡನೇ ಹೆಜ್ಜೆ ನಿಂತು, ಕ್ಸೈಲಿಟಾಲ್ ಕೋಶದಿಂದ ಹೊರಗೆ ಸುರಿಯುತ್ತದೆ. ಹುಲ್ಲು ಹಾಕಿ ಎಥನಾಲ್ ಕೇಳಿದರೆ ಚೂಯಿಂಗ್ ಗಮ್ಮಿನ ಸಿಹಿ ಸಿಗುತ್ತದೆ.

ಆನೆಯ ಲದ್ದಿಯಿಂದ ಬಂದ ಜೀನು

ನೋಟಿನ ಜಂಜಾಟವೇ ಇಲ್ಲದ ಐಸೊಮರೇಸನ್ನು ಬ್ಯಾಕ್ಟೀರಿಯಾದಿಂದ ತಂದರೆ? 1980ರ ದಶಕದಿಂದ ಎಷ್ಟೋ ತಂಡಗಳು ಪ್ರಯತ್ನಿಸಿ ಕೈಸುಟ್ಟುಕೊಂಡವು. ಬ್ಯಾಕ್ಟೀರಿಯಾದ ಕಿಣ್ವ ಯೀಸ್ಟಿನೊಳಗೆ ಸರಿಯಾಗಿ ಮಡಚಿಕೊಳ್ಳಲೇ ಇಲ್ಲ. 1996ರಲ್ಲಿ ಬಿಸಿನೀರಿನ ಬುಗ್ಗೆಗಳ ಥರ್ಮಸ್ ಬ್ಯಾಕ್ಟೀರಿಯಾದ ಕಿಣ್ವ ಯೀಸ್ಟಿನಲ್ಲಿ ಜೀವ ತಳೆಯಿತಾದರೂ, ಅದು ಚುರುಕಾಗುವುದು 85 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಬಿಸಿಯಲ್ಲಿ ಯೀಸ್ಟ್ ಬೆಂದುಹೋಗುತ್ತದೆ.

ದಾರಿ ತೆರೆದದ್ದು ಭಾರತೀಯ ಆನೆಯೊಂದರ ಲದ್ದಿಯಿಂದ ಬೇರ್ಪಡಿಸಿದ ಪೈರೊಮೈಸಿಸ್ ಇ2 ಎಂಬ ಶಿಲೀಂಧ್ರ. ಆಕ್ಸಿಜನ್ ಇಲ್ಲದ ಕರುಳಿನಲ್ಲಿ ಬದುಕುವ ಈ ಜೀವಿ ಶಿಲೀಂಧ್ರವಾಗಿದ್ದರೂ ಬ್ಯಾಕ್ಟೀರಿಯಾಗಳಂತೆ ಐಸೊಮರೇಸ್ ಬಳಸುತ್ತದೆ. 2003ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನ ವಿಜ್ಞಾನಿಗಳು ಇದರ ಜೀನನ್ನು ಯೀಸ್ಟಿಗೆ ಹಾಕಿದಾಗ ಕಿಣ್ವ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಅವರು ಮುಂದಿನ ಕಮ್ಮಟದ ಕಿಣ್ವಗಳನ್ನೂ ಹೆಚ್ಚಿಸಿದರು. ಐಸೊಮರೇಸಿಗೆ ಕ್ಸೈಲಿಟಾಲ್ ಅಡ್ಡಿಮಾಡುವುದರಿಂದ ಅದನ್ನು ತಯಾರಿಸುವ ಯೀಸ್ಟಿನ ಸ್ವಂತ ಜೀನನ್ನು ಕಿತ್ತರು. ಕೊನೆಗೆ ತಲೆಮಾರುಗಟ್ಟಲೆ ಕ್ಸೈಲೋಸಿನ ಮೇಲೇ ಸಾಕಿ, ಬೇಗ ಬೆಳೆದವನ್ನು ಆರಿಸುತ್ತ ಹೋದರು. ನಾವು ಭತ್ತದ ಬೀಜ ಆರಿಸುವ ರೀತಿಯೇ, ವೇಗ ಮಾತ್ರ ಬೇರೆ.

ಬ್ಯಾಕ್ಟೀರಿಯಾ ಪ್ರಿಯರು ಈ ನಡುವೆ ತದ್ವಿರುದ್ಧ ದಾರಿ ಹಿಡಿದಿದ್ದರು. ಕ್ಸೈಲೋಸ್ ತಿನ್ನಲು ಬರುವ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೆ ಎಥನಾಲ್ ಮಾಡಲು ಕಲಿಸಿದರಾಯಿತು ಎಂಬುದು ಫ್ಲಾರಿಡಾ ವಿಶ್ವವಿದ್ಯಾಲಯದ ಲಾನಿ ಇಂಗ್ರಾಮ್ ಅವರ ತರ್ಕ. ತಾಳೆ ಹೆಂಡದಲ್ಲಿ ಕಾಣಸಿಗುವ ಜೈಮೊಮೊನಾಸ್ ಬ್ಯಾಕ್ಟೀರಿಯಾದ ಎರಡು ಜೀನುಗಳನ್ನು ಅವರು ಇ. ಕೋಲಿಗೆ ಸೇರಿಸಿದರು. 1991ರಲ್ಲಿ ಅಮೆರಿಕದ 50 ಲಕ್ಷನೆಯ ಪೇಟೆಂಟ್ ಸಿಕ್ಕಿದ್ದು ಈ ಕೆಲಸಕ್ಕೆ. ಅಷ್ಟು ಸಂಭ್ರಮ ಆಗಿನದು.

ಊಟದ ಸರದಿ

ಜೀನು ಸಿಕ್ಕಿದ ಮಾತ್ರಕ್ಕೆ ತೊಟ್ಟಿಯಲ್ಲಿ ಎಲ್ಲ ಸರಿಹೋಗಲಿಲ್ಲ. ಎರಡು ಸಕ್ಕರೆ ಒಟ್ಟಿಗೆ ಇಟ್ಟರೆ ಸೂಕ್ಷ್ಮಜೀವಿಗಳು ಗ್ಲೂಕೋಸನ್ನು ಮೊದಲು ಮುಗಿಸುತ್ತವೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಇನ್ನೊಂದಕ್ಕೆ ಕೈಹಾಕುತ್ತವೆ. 1940ರ ದಶಕದ ಆರಂಭದಲ್ಲಿ ಫ್ರಾನ್ಸಿನ ಜಾಕ್ ಮೊನೋ ಇದನ್ನು ಅಳೆದು ತೋರಿಸಿದರು. ಇ. ಕೋಲಿಯಲ್ಲಂತೂ ಗ್ಲೂಕೋಸ್ ಇರುವವರೆಗೆ ಕ್ಸೈಲೋಸಿನ ಜೀನುಗಳ ಸ್ವಿಚ್ಚೇ ಹಾಕಿರುವುದಿಲ್ಲ. ಅರಬಿನೋಸ್ ಎಂಬ ಇನ್ನೊಂದು ಐದರ ಸಕ್ಕರೆ ಇದ್ದರೆ ಅದಕ್ಕೂ ಕ್ಸೈಲೋಸಿಗಿಂತ ಮೊದಲ ಪಂಕ್ತಿ.

ಯೀಸ್ಟಿನಲ್ಲಿ ಕಾರಣ ಬಾಗಿಲಲ್ಲಿದೆ. ಅದಕ್ಕೆ ಕ್ಸೈಲೋಸಿಗೆಂದೇ ಪ್ರತ್ಯೇಕ ಬಾಗಿಲಿಲ್ಲ, ಗ್ಲೂಕೋಸ್ ಒಳಬರುವ ದ್ವಾರದಲ್ಲೇ ನುಸುಳಬೇಕು. ಗ್ಲೂಕೋಸ್ ಹೆಚ್ಚಿದ್ದಾಗ ಬಾಗಿಲು ಸದಾ ಭರ್ತಿ. 2014ರಲ್ಲಿ ಈ ದ್ವಾರದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರೆ ಗ್ಲೂಕೋಸಿನ ನೂಕುನುಗ್ಗಲಿಗೆ ಅದು ಜಗ್ಗುವುದಿಲ್ಲ ಎಂದು ಕಂಡುಕೊಳ್ಳಲಾಯಿತು. ಪ್ರಯೋಗಾಲಯದ ಮಟ್ಟಿಗೆ ಇದೂ ಬಗೆಹರಿದ ಸಮಸ್ಯೆ.

ಬಗೆಹರಿಯದೆ ಉಳಿದದ್ದು ಹುಲ್ಲಿನದೇ ವಿಷ. ಲಿಗ್ನಿನ್ ಗಾರೆಯನ್ನು ಸಡಿಲಿಸಲು ಹುಲ್ಲನ್ನು ಆಮ್ಲ ಅಥವಾ ಹಬೆಯಲ್ಲಿ ಬೇಯಿಸಬೇಕು. ಬೇಯಿಸಿದಾಗ ಕ್ಸೈಲಾನಿಗೆ ಅಂಟಿಕೊಂಡ ಅಸಿಟೈಲ್ ಗುಂಪುಗಳು ಕಳಚಿ ಅಸಿಟಿಕ್ ಆಮ್ಲವಾಗುತ್ತವೆ. ಬೇಯುವುದು ಹೆಚ್ಚಾದರೆ ಕ್ಸೈಲೋಸೇ ನೀರು ಕಳೆದುಕೊಂಡು ಫರ್ಫ್ಯುರಾಲ್ ಆಗುತ್ತದೆ. ಕಡಿಮೆ ಬೆಂದರೆ ಸಕ್ಕರೆ ಬಿಡುವುದಿಲ್ಲ, ಹೆಚ್ಚು ಬೆಂದರೆ ಸಕ್ಕರೆಯೇ ವಿಷವಾಗುತ್ತದೆ. ಅನ್ನ ಮುದ್ದೆಯಾಗದಂತೆ, ಕಾಳು ಉಳಿಯದಂತೆ ಬೇಯಿಸುವ ನಾಜೂಕು ದಿನಕ್ಕೆ ನೂರಾರು ಟನ್ನಿನ ಲೆಕ್ಕದಲ್ಲಿ ಸಾಧಿಸಬೇಕು.

ಅಸಿಟಿಕ್ ಆಮ್ಲದ ಪೆಟ್ಟು ಕ್ಸೈಲೋಸ್ ತಿನ್ನುವ ಹಂತದಲ್ಲೇ ಜೋರು. ಆಮ್ಲ ಕೋಶದ ಗೋಡೆ ದಾಟಿ ಒಳಗೆ ಹೋಗಿ ಪ್ರೋಟಾನ್ ಬಿಡುತ್ತದೆ. ಅದನ್ನು ಹೊರಹಾಕಲು ಯೀಸ್ಟ್ ಶಕ್ತಿ ವ್ಯಯಿಸಬೇಕು. ಗ್ಲೂಕೋಸ್ ತಿನ್ನುವಾಗ ಶಕ್ತಿ ಬೇಗ ಬೇಗ ಹುಟ್ಟುವುದರಿಂದ ಹೇಗೋ ನಿಭಾಯಿಸುತ್ತದೆ. ಕ್ಸೈಲೋಸಿನ ಸರದಿ ಬರುವ ಹೊತ್ತಿಗೆ ಆದಾಯ ನಿಧಾನ, ಖರ್ಚು ಅಷ್ಟೇ, ಮೇಲೆ ತೊಟ್ಟಿಯಲ್ಲಿ ಆಗಲೇ ತುಂಬಿದ ಎಥನಾಲಿನ ಉರಿ. ಶುದ್ಧ ಸಕ್ಕರೆಯ ದ್ರಾವಣದಲ್ಲಿ ದಾಖಲೆ ಬರೆದ ತಳಿ ನಿಜವಾದ ಹುಲ್ಲಿನ ಕಷಾಯದಲ್ಲಿ ಮಂಕಾಗುವುದು ಇದಕ್ಕೇ. ಪತ್ರಿಕೆಗಳಲ್ಲಿ ಬರುವ ‘ಹೊಸ ಯೀಸ್ಟ್ ಕಂಡುಹಿಡಿದರು’ ಎಂಬ ಸುದ್ದಿಯನ್ನು ಓದುವಾಗ ಮೊದಲು ನೋಡಬೇಕಾದದ್ದು, ಪ್ರಯೋಗ ನಡೆದದ್ದು ಯಾವ ದ್ರಾವಣದಲ್ಲಿ ಎಂಬುದನ್ನು.

ಮುಚ್ಚಿದ ಕಾರ್ಖಾನೆಗಳು ಹೇಳುವುದೇನು

ಇಟಲಿಯ ಕ್ರೆಶೆಂಟಿನೊ ಊರಿನ ಹುಲ್ಲಿನ ಎಥನಾಲ್ ಘಟಕ 2013ರಲ್ಲಿ ಶುರುವಾಗಿ 2017ರಲ್ಲಿ ನಿಂತಿತು. ಅಮೆರಿಕದ ಕಾನ್ಸಸ್‌ನಲ್ಲಿ ಅಬೆಂಗೋವಾ ಕಂಪನಿಯ ಘಟಕ 2014ರಲ್ಲಿ ತೆರೆದು ಮರುವರ್ಷವೇ ಬಾಗಿಲು ಹಾಕಿತು. ಅಯೋವಾದ ನೆವಾಡಾ ಊರಿನಲ್ಲಿ ಡ್ಯೂಪಾಂಟ್ 2015ರಲ್ಲಿ ಕಟ್ಟಿದ ಭಾರಿ ಘಟಕ ಎರಡೇ ವರ್ಷದಲ್ಲಿ ಮಾರಾಟಕ್ಕೆ ಬಂತು. ರೊಮೇನಿಯಾದಲ್ಲಿ ಕ್ಲಾರಿಯಂಟ್ ಕಂಪನಿ ಗೋಧಿ ಹುಲ್ಲಿನ ಘಟಕ ಮುಚ್ಚುವ ನಿರ್ಧಾರವನ್ನು 2023ರ ಕೊನೆಗೆ ಪ್ರಕಟಿಸಿತು. ಈ ಸಾಲಿನಲ್ಲಿ ತಾಳಿಕೊಂಡಿರುವುದು ಬ್ರೆಜಿಲ್‌ನ ರೈಝೆನ್, ಅದಕ್ಕೂ ಕಾರಣವಿದೆ. ಅವರ ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಅಂಗಳದಲ್ಲೇ ಬಿದ್ದಿರುತ್ತದೆ, ಹೊಲದಿಂದ ಹೊರುವ ಕೆಲಸವಿಲ್ಲ.

ಇವೆಲ್ಲ ಸೋತದ್ದು ಕ್ಸೈಲೋಸಿನಿಂದಲೇ ಎಂದರೆ ತಪ್ಪಾಗುತ್ತದೆ. 2014ರ ನಂತರ ಕಚ್ಚಾತೈಲದ ಬೆಲೆ ಕುಸಿಯಿತು. ಹುಲ್ಲಿನ ಪಿಂಡಿಯ ಜೊತೆ ಬಂದ ಕಲ್ಲುಮಣ್ಣು ಯಂತ್ರಗಳನ್ನು ಸವೆಸಿತು. ಕಿಣ್ವಗಳು ದುಬಾರಿಯಾಗಿದ್ದವು. ಆದರೆ ಲಾಭದ ಅಂಚು ಕೂದಲೆಳೆಯಷ್ಟಿರುವ ಕಡೆ ಮೂರನೇ ಒಂದು ಸಕ್ಕರೆಯನ್ನು ಅರೆಬರೆ ಬಳಸುವುದು ಸೋಲನ್ನು ಹತ್ತಿರ ತಂದಿತು ಎನ್ನಬಹುದು. ನನ್ನ ಓದಿನಲ್ಲಿ ಜೀವವಿಜ್ಞಾನಿಗಳು ಗೆದ್ದಿದ್ದಾರೆ, ಹುಲ್ಲು ಸಾಗಿಸಿ ಬೇಯಿಸುವ ಎಂಜಿನಿಯರಿಂಗ್ ಇನ್ನೂ ಗೆದ್ದಿಲ್ಲ.

ಮೂರು ವಾದಗಳು

ಈಗ ಭಾರತದಲ್ಲಿ ಮೂರು ಬಗೆಯ ಯೋಚನೆಗಳಿವೆ.

ಮೊದಲನೆಯದು, ಎರಡೂ ಸಕ್ಕರೆಯನ್ನು ಎಥನಾಲೇ ಮಾಡೋಣ ಎಂಬುದು. ಸರ್ಕಾರದ ನೆರವೂ ಇದಕ್ಕಿದೆ. 2019ರ ಪ್ರಧಾನಮಂತ್ರಿ ಜಿ-ವನ್ ಯೋಜನೆಗೆ 1,969.50 ಕೋಟಿ ರೂಪಾಯಿ ಇಟ್ಟಿದ್ದು, 2024ರಲ್ಲಿ ಅವಧಿಯನ್ನು 2028-29ರವರೆಗೆ ವಿಸ್ತರಿಸಲಾಗಿದೆ. ಪಾಣಿಪತ್ ಘಟಕದ ತಂತ್ರಜ್ಞಾನ ಪುಣೆಯ ಪ್ರಾಜ್ ಕಂಪನಿಯದು, ಅಂದರೆ ದೇಶೀಯ. ಈ ವಾದದ ಬಲ, ಮಾರುಕಟ್ಟೆ ಸಿದ್ಧವಿದೆ ಎಂಬುದು. ಬೆರಕೆಗೆ ಬೇಕಾದ ಎಥನಾಲನ್ನು ತೈಲ ಕಂಪನಿಗಳು ಕೊಳ್ಳುತ್ತವೆ. ದೌರ್ಬಲ್ಯ ಅಳತೆಯಲ್ಲಿದೆ. ಶೇ 20ರ ಬೆರಕೆಗೆ 2025ರಲ್ಲಿ 1,016 ಕೋಟಿ ಲೀಟರ್ ಬೇಕಾಗಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಪಾಣಿಪತ್ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೂ 3 ಕೋಟಿ. ಅಂಥವು ಮುನ್ನೂರಕ್ಕೂ ಹೆಚ್ಚು ಬೇಕು.

ಎರಡನೆಯದು, ಕ್ಸೈಲೋಸನ್ನು ಎಥನಾಲ್ ಮಾಡಲು ಒದ್ದಾಡುವುದೇಕೆ, ಬೇರೆ ವಸ್ತುವಾಗಿ ಮಾರೋಣ ಎಂಬ ವಾದ. ನುಮಾಲಿಗಢದಲ್ಲಿ ನಡೆದಿರುವುದು ಇದೇ. ಫಿನ್ಲೆಂಡಿನ ತಂತ್ರಜ್ಞಾನದ ಈ ಘಟಕ ವರ್ಷಕ್ಕೆ 5 ಲಕ್ಷ ಟನ್ ಹಸಿ ಬಿದಿರಿನಿಂದ ಸುಮಾರು 49 ಸಾವಿರ ಟನ್ ಎಥನಾಲ್ ಜೊತೆಗೆ 19 ಸಾವಿರ ಟನ್ ಫರ್ಫ್ಯುರಾಲ್, 11 ಸಾವಿರ ಟನ್ ಅಸಿಟಿಕ್ ಆಮ್ಲ ತೆಗೆಯುವಂತೆ ರೂಪುಗೊಂಡಿದೆ. ಯೀಸ್ಟನ್ನು ಕೊಲ್ಲುವ ಆ ಎರಡು ವಿಷಗಳೇ ಇಲ್ಲಿ ಸರಕು. ಫರ್ಫ್ಯುರಾಲಿನಿಂದ ಎರಕದ ಅಚ್ಚಿಗೆ ಬೇಕಾದ ರಾಳಗಳಾಗುತ್ತವೆ, ತೈಲ ಶುದ್ಧೀಕರಣದಲ್ಲೂ ಅದಕ್ಕೆ ಬಳಕೆಯಿದೆ. ಹೊಸ ಉಪಾಯವೂ ಅಲ್ಲ ಇದು. ಕ್ವೇಕರ್ ಓಟ್ಸ್ ಕಂಪನಿ ಓಟ್ಸ್ ಹೊಟ್ಟಿನಿಂದ ಫರ್ಫ್ಯುರಾಲ್ ತಯಾರಿಸಲು ತೊಡಗಿ ನೂರು ವರ್ಷವಾಯಿತು. ಕ್ಸೈಲಿಟಾಲಿನದೂ ಇದೇ ಕಥೆ, ಫಿನ್ಲೆಂಡ್ 1970ರ ದಶಕದಲ್ಲೇ ಬರ್ಚ್ ಮರದಿಂದ ಅದನ್ನು ಮಾಡಲು ತೊಡಗಿತ್ತು. ಈ ವಾದದ ತೊಂದರೆ ಎಂದರೆ ಇವುಗಳ ಮಾರುಕಟ್ಟೆ ಚಿಕ್ಕದು. ಹತ್ತು ಘಟಕ ಎದ್ದರೆ ಬೆಲೆ ಬಿದ್ದುಹೋಗುತ್ತದೆ.

ಮೂರನೆಯದು ಅನಿಲದ ವಾದ. ಒಂದೇ ತಳಿಯ ಯೀಸ್ಟನ್ನು ನೆಚ್ಚಿಕೊಳ್ಳುವ ಬದಲು ಸಗಣಿ ತೊಟ್ಟಿಯಲ್ಲಿರುವಂತೆ ನೂರಾರು ಬಗೆಯ ಜೀವಿಗಳಿಗೆ ಹುಲ್ಲನ್ನು ಒಪ್ಪಿಸಿಬಿಡಿ, ಅವು ಮೀಥೇನ್ ಕೊಡುತ್ತವೆ. ಅಲ್ಲಿ ಕ್ಸೈಲೋಸ್ ಬೇಡ ಎನ್ನುವವರಿಲ್ಲ, ಒಬ್ಬ ಬಿಟ್ಟಿದ್ದನ್ನು ಇನ್ನೊಬ್ಬ ತಿನ್ನುತ್ತಾನೆ. ಉಳಿದ ರಾಡಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಡ್ಯೂಪಾಂಟಿನ ನೆವಾಡಾ ಘಟಕವನ್ನು 2018ರಲ್ಲಿ ಕೊಂಡ ಜರ್ಮನಿಯ ವರ್ಬಿಯೊ ಅಲ್ಲಿ ಜೋಳದ ದಂಟಿನಿಂದ ಅನಿಲ ತಯಾರಿಸಲು ತೊಡಗಿತು. ಅದೇ ಕಂಪನಿಯ ಭತ್ತದ ಹುಲ್ಲಿನ ಅನಿಲ ಘಟಕ 2022ರಿಂದ ಪಂಜಾಬಿನ ಲೆಹ್ರಾಗಾಗಾದಲ್ಲಿದೆ. ಕೊರತೆಯೆಂದರೆ ಇದು ವಾರಗಟ್ಟಲೆ ಹಿಡಿಯುವ ಕೆಲಸ, ದೊಡ್ಡ ತೊಟ್ಟಿಗಳು ಬೇಕು, ಮತ್ತು ಅನಿಲದಿಂದ ಇ20 ಗುರಿ ತಲುಪಲಾಗುವುದಿಲ್ಲ.

ಮೂರರಲ್ಲಿ ನುಮಾಲಿಗಢದ ಜಾಣ್ಮೆ ಮೊದಲ ಕೆಲವು ಘಟಕಗಳಿಗೆ ಸರಿ, ಚದುರಿದ ಹುಲ್ಲಿಗೆ ಅನಿಲ ಸರಿ ಎನಿಸುತ್ತದೆ. ಎಲ್ಲವನ್ನೂ ಎಥನಾಲ್ ಮಾಡುವ ಹಟಕ್ಕೆ ರಸಾಯನಶಾಸ್ತ್ರಕ್ಕಿಂತ ಬೆರಕೆಯ ಗುರಿಯ ಒತ್ತಡವೇ ಹೆಚ್ಚು ಕಾರಣ.

ಕರ್ನಾಟಕದ ಬಣವೆಗೆ ಇದು ಹೊಂದುತ್ತದೆಯೇ

ಪಂಜಾಬಿನ ಲೆಕ್ಕವನ್ನು ಇಲ್ಲಿ ಹಾಗೇ ಇಳಿಸಲಾಗದು. ಅಲ್ಲಿ ಭತ್ತದ ಹುಲ್ಲು ತಲೆನೋವು. ಇಲ್ಲಿ ರಾಗಿ ಹುಲ್ಲು, ಬಿಳಿಜೋಳದ ಕಣಿಕೆ, ಭತ್ತದ ಹುಲ್ಲು ಎಲ್ಲವೂ ಮೇವು. ಬರಗಾಲದ ವರ್ಷ ಬಣವೆಯ ಬೆಲೆ ಕೇಳಿದವರು ಯಾರೂ ಅದನ್ನು ತ್ಯಾಜ್ಯ ಎನ್ನಲಾರರು. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಕ್ಸೈಲೋಸನ್ನು ಹುದುಗಿಸಿ ಕೊಡುವ ಆಮ್ಲಗಳಿಂದ ಹಾಲು ಹುಟ್ಟುತ್ತದೆ. ಡೇರಿಯ ಎದುರು ಡಿಸ್ಟಿಲರಿ ಹುಲ್ಲಿಗೆ ಪೈಪೋಟಿ ಒಡ್ಡಿದರೆ ಮೇವಿನ ಬೆಲೆ ಏರುತ್ತದೆ, ಅದರ ಬಿಸಿ ತಾಗುವುದು ಎರಡು ಹಸು ಕಟ್ಟಿಕೊಂಡವರಿಗೆ.

ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನ ಕಥೆ ಬೇರೆ. ದನ ಅದನ್ನು ಇಷ್ಟಪಡುವುದಿಲ್ಲ, ಹೆಚ್ಚಿನದು ಒಲೆಗೆ ಹೋಗುತ್ತದೆ. ಬೆಳೆ ಉಳಿಕೆಗಳಲ್ಲಿ ಕ್ಸೈಲಾನ್ ಅತಿ ಹೆಚ್ಚಿರುವವುಗಳಲ್ಲಿ ಇದೊಂದು, ಚೀನಾದ ಕ್ಸೈಲೋಸ್ ಉದ್ಯಮ ನಿಂತಿರುವುದೇ ಇದರ ಮೇಲೆ. ಕಾಳು ಬಿಡಿಸುವ ಕಡೆ ರಾಶಿ ಬೀಳುವುದರಿಂದ ಹೊಲ ಹೊಲ ಸುತ್ತಿ ಕೂಡಿಸುವ ಖರ್ಚೂ ಕಡಿಮೆ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳದ ಸೀಮೆಯ ನಡುವಿರುವ ಹರಿಹರದಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ದಿನಕ್ಕೆ 60 ಕಿಲೋಲೀಟರ್ ಸಾಮರ್ಥ್ಯದ ಎರಡನೇ ತಲೆಮಾರಿನ, ಅಂದರೆ ಕಾಳಿನ ಬದಲು ಬೆಳೆ ಉಳಿಕೆಯಿಂದ ಮಾಡುವ, ಎಥನಾಲ್ ಘಟಕದ ಯೋಜನೆ ಪ್ರಕಟಿಸಿದ್ದಕ್ಕೆ ಈ ಭೂಗೋಳವೇ ಆಧಾರ. ಅಂಥ ಕಡೆ ದಿಂಡಿನ ಕ್ಸೈಲೋಸನ್ನು ಎಥನಾಲಿಗೆ ಸುರಿಯುವುದಕ್ಕಿಂತ ಕ್ಸೈಲಿಟಾಲ್ ಅಥವಾ ಫರ್ಫ್ಯುರಾಲ್ ಮಾಡುವುದು ಲಾಭದಾಯಕವೇ ಎಂದು ಯೋಜನಾ ವರದಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಮೆಕ್ಕೆಜೋಳದ ರೈತನಿಗೆ ಮಾತ್ರ ಇದರಿಂದ ಕೂಡಲೇ ಆಗುವುದು ಸ್ವಲ್ಪ. ದಿಂಡಿನ ಎಥನಾಲ್ ಬಂದರೆ ಕಾಳಿನ ಬೆಲೆ ಏರುವುದಿಲ್ಲ, ದಿಂಡಿಗೊಂದು ಬೆಲೆ ಬರಬಹುದು ಅಷ್ಟೇ. ಅದು ಬಾರದಿದ್ದರೆ, ಇ20ಯಿಂದ ಇ27ಕ್ಕೆ ಏರುವ ಮಾತು ನಡೆದಿರುವಾಗ, ಹೆಚ್ಚುವರಿ ಹೊರೆಯೆಲ್ಲ ಮತ್ತೆ ಕಬ್ಬು, ಅಕ್ಕಿ, ಜೋಳದ ಮೇಲೆಯೇ ಬೀಳುತ್ತದೆ. ಆಗ ಡಿಸ್ಟಿಲರಿಗೆ ಅಗ್ಗದ ಅಕ್ಕಿ ಸಿಕ್ಕ ವರ್ಷ ಜೋಳದ ಬೆಲೆ ಬೀಳುವುದು, ಸಿಗದ ವರ್ಷ ಕೋಳಿ ಸಾಕಣೆಯವರು ಮೇವಿನ ದುಬಾರಿಗೆ ಬೊಬ್ಬೆ ಹೊಡೆಯುವುದು ಮುಂದುವರಿಯುತ್ತದೆ. ಎಂಆರ್‌ಪಿಎಲ್ ಯೋಜನೆಯಾಗಲಿ ಇನ್ನೊಂದಾಗಲಿ ಮುಂದೆ ಸುದ್ದಿಯಾದಾಗ ವಾರ್ಷಿಕ ಲೀಟರಿನ ಅಂಕಿಯ ಜೊತೆಗೆ ಇನ್ನೆರಡನ್ನು ಕೇಳಿ ನೋಡಿ: ಟನ್ನಿಗೆ ಎಷ್ಟು ಲೀಟರ್, ಮತ್ತು ಐದು ಇಂಗಾಲದ ಸಕ್ಕರೆ ಎಲ್ಲಿಗೆ ಹೋಗುತ್ತದೆ.